ನಾನುಲಿಯ ಆರು ನಿಮಿಷ

ಚಿಯಾತೂರದಲ್ಲಿ ಬೀದಿಗಳು ಕಡಿಮೆ, ಹಗ್ಗಗಳು ಜಾಸ್ತಿ.
ಕಣಿವೆಯ ತಳದಲ್ಲಿ ಅಂಗಡಿ, ಔಷಧಿ, ಮಸಿ ಬಣ್ಣದ ಹೊಳೆ;
ಬೆಟ್ಟದ ನೆತ್ತಿಯಲ್ಲಿ ಮನೆ.
ನಡುವೆ ಉಕ್ಕಿನ ಹಗ್ಗಕ್ಕೆ ಜೋತುಬಿದ್ದ ತಗಡಿನ ಡಬ್ಬಿ.
ಮೇಲೆ ಮುಟ್ಟಿಸಲು ಅದಕ್ಕೆ ಆರು ನಿಮಿಷ ಬೇಕು.

ಮೇಲೆ ಜುಂಬೆರ್ ಇದ್ದಾನೆ.
ಮೂವತ್ತು ವರ್ಷ ಮ್ಯಾಂಗನೀಸ್ ಅಗೆದವನು,
ಈಗ ಅದೇ ಅವನನ್ನು ಒಳಗಿಂದ ಅಗೆಯುತ್ತಿದೆ.
ಕೈ ನಡುಗುತ್ತದೆ, ಮುಖ ನಗುವುದನ್ನು ಮರೆತಿದೆ,
ಅಂಗಿಯ ಗುಂಡಿ ಹಾಕಲು ಹೊರಟರೆ ಮಧ್ಯಾಹ್ನವಾಗುತ್ತದೆ.
ಪಕ್ಕದ ಕೋಣೆಯಲ್ಲಿ ಮಗಳು ಖಾತುನ.
ಮೊದಲ ಹಿಮ ಬಿದ್ದಾಗ ಗೋಡೆ ಕಡೆ ತಿರುಗಿ ಮಲಗಿದವಳು
ಪ್ಲಮ್ ಮರ ಹೂ ಬಿಟ್ಟರೂ ಮಗ್ಗುಲು ಬದಲಿಸಿಲ್ಲ.
ಒಬ್ಬರಿಗೆ ಸೂಪು ನುಣ್ಣಗೆ ಅರೆದು ಕುಡಿಸಬೇಕು,
ಇನ್ನೊಬ್ಬರಿಗೆ ಬಾಗಿಲಲ್ಲಿಟ್ಟು
ಸದ್ದಾಗದಂತೆ ಹಿಂದೆ ಸರಿಯಬೇಕು.

ಕೆಳಗೆ ಸಾಲ, ಸರತಿ,
"ಮನೆಯಲ್ಲಿ ಹೇಗಿದ್ದಾರೆ?" ಎಂದು ಕೇಳಿ
ಉತ್ತರ ಬರುವಷ್ಟರಲ್ಲಿ ಗಡಿಯಾರ ನೋಡುವ ಜನ.

ಹಾಗಾಗಿ ನಾನುಲಿ ಇರುವುದು ನಡುವೆ.
ಬಾಗಿಲು ಕಿರ್ರೆಂದು ಮುಚ್ಚಿದ ಕೂಡಲೇ
ಬೂಟಿನ ಲೇಸು ಸಡಿಲಿಸುತ್ತಾಳೆ.
ಮೊದಲ ಕಂಬದವರೆಗೆ ಏನೂ ಯೋಚಿಸುವುದಿಲ್ಲ.
ಎರಡನೆಯ ಕಂಬದವರೆಗೆ
ಕರವಸ್ತ್ರದಲ್ಲಿ ಗಂಟು ಕಟ್ಟಿದ ಸೂರ್ಯಕಾಂತಿ ಬೀಜ, ಒಂದೊಂದಾಗಿ.
ಅಷ್ಟರಲ್ಲಿ ಬೆಟ್ಟ ಬಂತು, ಲೇಸು ಬಿಗಿಯಬೇಕು.

ನನ್ನ ಭಾಷೆಯಲ್ಲಿ ಇದಕ್ಕೊಂದು ಹೆಸರಿದೆ: ತ್ರಿಶಂಕು.
ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಪಾಪ, ಅನ್ನುತ್ತೇವೆ ನಾವು.
ಅವನನ್ನೇ ಯಾರೂ ಕೇಳಿದಂತಿಲ್ಲ.
ಕೆಳಗೆ ರಾಜ್ಯಭಾರ, ಮೇಲೆ ದೇವತೆಗಳ ದರ್ಬಾರು,
ನಡುವೆ ಯಾರ ಕೂಗೂ ತಲುಪದ ಒಂದಿಷ್ಟು ಗಾಳಿ.
ಕುತ್ತಿಗೆ ನೋವಿನ ಜೊತೆಗೆ ಅವನಿಗೂ
ಸ್ವಲ್ಪ ಆರಾಮ ಅನ್ನಿಸಿರಬಹುದು.

ಏಪ್ರಿಲ್ ತಿಂಗಳ ಒಂದು ಗುರುವಾರ,
ಎರಡನೆಯ ಕಂಬ ದಾಟಿದ ಮೇಲೆ, ಕರೆಂಟು ಹೋಯಿತು.
ಡಬ್ಬಿ ಒಮ್ಮೆ ತೂಗಿ, ಇನ್ನೊಮ್ಮೆ ತೂಗಿ, ನಿಂತಿತು.
ಮೊದಲು ನೆನಪಾದದ್ದು ನಾಲ್ಕು ಗಂಟೆಯ ಮಾತ್ರೆ.
ಒಲೆ ಆರಿಸಿದೆನಾ. ಜುಂಬೆರ್ ಎದ್ದು ನಡೆಯಲು ಹೋದರೆ.
ಗಾಜಿಗೆ ಮುಷ್ಟಿಯಿಂದ ಬಡಿದಳು.
ದೂರ ಕೆಳಗೆ ಆಪರೇಟರ್ ಅಂಜೋರ್
ಇರುವೆಯಷ್ಟಾಗಿ ನಿಂತು ಕೈ ಬೀಸಿದ,
ತಾಳು ಅಂತಲೋ, ಟಾಟಾ ಅಂತಲೋ.

ಸರಿ, ಮಾಡುವುದೇನು.
ಚೀಲದಿಂದ ಮನೆಗೆಂದು ಕೊಂಡ ರೊಟ್ಟಿ ತೆಗೆದಳು.
ಇನ್ನೂ ಬಿಸಿಯಿತ್ತು. ಗರಿಗರಿ ಅಂಚು
ಯಾವಾಗಲೂ ಖಾತುನಳಿಗೆ ಎತ್ತಿಡುವುದು;
ಅದನ್ನೇ ಮುರಿದು ತಿಂದಳು.
ಆಮೇಲೆ ಮಧ್ಯದ್ದನ್ನೂ.
ಕೆಳಗೆ ಒಂದು ನಾಯಿ ಸೇತುವೆ ದಾಟಿತು,
ಏನೋ ಮರೆತಂತೆ ವಾಪಸು ಬಂತು.
ನಾನುಲಿ ಕೋಟು ಸುತ್ತಿಕೊಂಡು, ತಗಡಿಗೆ ಒರಗಿ
ಬಾಯಿ ತೆರೆದು ನಿದ್ದೆ ಹೋದಳು.
ಗಾಳಿ, ಕಾಲಿನಲ್ಲೇ ತೊಟ್ಟಿಲು ತೂಗುತ್ತ
ಕೈಯಲ್ಲಿ ಬೇರೇನೋ ಕೆಲಸ ಮಾಡುವವರ ಹಾಗೆ,
ಅವಳ ಕಡೆ ನೋಡದೆ ತೂಗಿತು
ನಲವತ್ತು ನಿಮಿಷ.

ಮನೆ ಹಾಗೆಯೇ ಇತ್ತು. ಮನೆಗೆ ಬೇರೇನು ಗೊತ್ತು.
ಜುಂಬೆರ್ ಕುರ್ಚಿಯಲ್ಲಿ, ತೊಡೆಯ ಮೇಲೆ ಚೆಲ್ಲಿದ ನೀರು,
ನೆಲದ ಮೇಲೆ ಮಾತ್ರೆಯ ಖಾಲಿ ಹಾಳೆ,
ಪಕ್ಕದಲ್ಲೊಂದು ಒರೆಸುವ ಬಟ್ಟೆ,
ಅರ್ಧ ಒರೆಸಿ ಬಿಟ್ಟದ್ದು.
ಯಾರು ಅಂತ ಅವಳು ಕೇಳಲಿಲ್ಲ.
ಖಾತುನಳ ಬಾಗಿಲು ಮುಚ್ಚಿತ್ತು.
ಹೊಸ್ತಿಲ ಬಳಿ ಒದ್ದೆ ಹೆಜ್ಜೆ, ಒಂದೂವರೆ.

ರೊಟ್ಟಿ ಎಲ್ಲಿ ಅಂದ ಗಂಡನಿಗೆ
ಅಂಗಡಿ ಮುಚ್ಚಿತ್ತು ಅಂದಳು,
ಗದ್ದದ ಮೇಲೆ ಹಿಟ್ಟು.

ಮರುದಿನ ಅಂಜೋರನ ಕಿಟಕಿಗೆ ಬಗ್ಗಿ
ಕೇಳಿದಳಂತೆ, ಹಿಂದಿನವರಿಗೆ ಕೇಳಿಸದ ಹಾಗೆ:
ಇವತ್ತು ಕರೆಂಟು ಹೇಗಿದೆ?