ಅವನ ಕಪ್ಪು, ನಮ್ಮ ಕಪ್ಪು

ಟರ್ಕಿ ಟವೆಲಿನಲ್ಲಿ ಸುತ್ತಿ ತಂದಿದ್ದರು ಅವನನ್ನು
ಭಾಲ್ಕಿಯ ಹಲ್ಲಿನ ಡಾಕ್ಟರು ಮಾಣಿಕಪ್ಪ ಹಲಬರ್ಗೆ,
ಎಳೆಗೂಸನ್ನು ಸೂಜಿಗೆ ತಂದ ಹಾಗೆ.
ಬೀದರಿನ ಚೌಬಾರದ ಹಿಂದಿನ ಓಣಿ, ಕರೆಂಟಿಲ್ಲದ ಮಧ್ಯಾಹ್ನ.
ಗೇಣುದ್ದದ ಆಳು. ಮೈತುಂಬ ಕವಚ,
ಬೆನ್ನಿಗೆ ನೆಟ್ಟ ಏಳು ಬಾಣ,
ಎಡಗೈ ಸೊಂಟದ ಮೇಲೆ,
ಬಲಗೈ ಮುಷ್ಟಿ ಖಾಲಿ.

"ಮಾವನವರು ಹಡಗಿನ ನೌಕರಿ. ಕೋಬೆಯಲ್ಲಿ ಕೊಂಡದ್ದು.
ಜಪಾನಿನ ಯಾವನೋ ವೀರ. ಹೆಸರು
ಅವರಿಗೆ ಗೊತ್ತಿತ್ತು, ಅವರ ಜೊತೆಗೇ ಹೋಯಿತು.
ಸತ್ತ ಮೇಲೂ ನಿಂತೇ ಇದ್ದನಂತೆ,
ಹತ್ತಿರ ಹೋಗಲು ವೈರಿಗಳಿಗೆ ಧೈರ್ಯ ಬರಲಿಲ್ಲವಂತೆ.
ಕತ್ತಿ ಎಲ್ಲೋ ಬಿದ್ದುಹೋಗಿದೆ. ಒಂದು ಮಾಡಿಕೊಡ್ರಿ."

ನಮ್ಮೂರ ಬದುವಿನ ವೀರಗಲ್ಲು ನೆನಪಾಯಿತು ನನಗೆ:
ಕೆಳಗೆ ಬೀಳುತ್ತಾನೆ, ನಡುವೆ ಅಪ್ಸರೆಯರು ಎತ್ತುತ್ತಾರೆ,
ಮೇಲೆ ಲಿಂಗದ ಮುಂದೆ ಹೋಗಿ ಕೂರುತ್ತಾನೆ.
ಪಾಪ, ಇವನಿಗೆ ಮೇಲಿನ ಅಂತಸ್ತೇ ಇಲ್ಲ.
ಬೀಳುವುದಕ್ಕೂ ಯಾರೂ ಬಿಟ್ಟಿಲ್ಲ.

ಖಮರೊದ್ದೀನ್ ಚಾಚಾ ಏನೂ ಅನ್ನಲಿಲ್ಲ.
ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು
ಅವನ ಕಂಕುಳು ನೋಡಿದರು.
ಅಲ್ಲಿ, ಯಾರೂ ನೋಡದಲ್ಲಿ,
ಕೂದಲೆಳೆಯ ಬೆಳ್ಳಿ ತಂತಿ. ಒಂದೂ ಎದ್ದಿಲ್ಲ.
"ಮಾನಂದಾ, ಇದು ನಮ್ಮೋನ ಕೆಲಸ."
ನಮ್ಮೋನು!
ಸಮುದ್ರದಾಚೆ, ಎಂದೋ,
ಹೀಗೇ ಮಂಡಿ ಮಡಚಿ, ಬಗ್ಗಿ, ಉಸಿರು ಹಿಡಿದು
ಉಳಿ ತಟ್ಟಿದ ಒಬ್ಬ.

ಆಮೇಲೆ ನಾನು ಕಂಡೆ: ಎಡಭುಜದ ಮೂರನೇ ಸಾಲಲ್ಲಿ
ಕವಚದ ಒಂದು ಹುರುಪೆ ತಲೆಕೆಳಗು.
ಹಸಿವಾಗಿತ್ತೋ, ಒಳಗಿಂದ ಯಾರಾದರೂ ಕರೆದರೋ.
"ಇದನ್ನೂ ಸರಿ ಮಾಡಲೇನು?" ಅಂದದ್ದಕ್ಕೆ
ಮಣಿಕಟ್ಟಿಗೆ ಮೆಲ್ಲಗೆ ಹೊಡೆದರು ಚಾಚಾ.
"ಮುಟ್ಟಬ್ಯಾಡ. ಅದೊಂದೇ ಅವನ ದಸ್ಕತ್ತು."

ಮುಷ್ಟಿಯದೇ ತಕರಾರು.
ಸಣ್ಣ ಅರ ಇಟ್ಟು ನೋಡಿದೆವು, ಜಾರಿತು.
ಉಳಿ, ತಂತಿಯ ಸುರುಳಿ, ಚಹಾದ ಹುಡುಗ ತಂದ ಕಸಬರಿಗೆ ಕಡ್ಡಿ,
ಎಲ್ಲ ಜಾರಿದವು.
ಹೆಬ್ಬೆರಳು ಬೆರಳಿಗೆ ಮುಟ್ಟುವುದೇ ಇಲ್ಲ.
"ಹಿಡಿದ ಕೈ ಅಲ್ಲ ಇದು," ಅಂದರು ಚಾಚಾ, "ಬಿಟ್ಟ ಕೈ."
ಆದರೆ ಗಿರಾಕಿ ಗಿರಾಕಿಯೇ. ಅಡ್ವಾನ್ಸ್ ತೊಗೊಂಡಾಗಿತ್ತು.

ಜಸ್ತ ಕರಗಿಸಿದೆವು, ಚೂರು ತಾಮ್ರ.
ಎರಕ, ಅರ, ಮೈಲುತುತ್ತ,
ಅಲಗಿನ ಗುಂಟ ಒಂದೇ ಒಂದು ಬೆಳ್ಳಿಗೆರೆ. ಅದು ನನ್ನದು.
ಕೊನೆಗೆ ಕೋಟೆಯ ಮಣ್ಣು,
ಬಿಸಿಲು ಮಳೆ ಕಾಣದ ಗೋಡೆಯಡಿಯದು,
ಚಾಚಾ ನಾಲಿಗೆಗಿಟ್ಟು ಹೂಂ ಅಂದದ್ದು;
ನವಸಾರದ ಕುದಿನೀರಲ್ಲಿ ಮುಳುಗಿಸಿ ತೆಗೆದರೆ
ಕತ್ತಿ ಕಪ್ಪಾಗಿತ್ತು. ಗೆರೆ ಮಾತ್ರ ಬೆಳಗಾಗಿತ್ತು.

ಪಕ್ಕಕ್ಕೆ ಹಿಡಿದಾಗ ಗೊತ್ತಾಯಿತು.
ಅವನದು ನೇರಳೆಹಣ್ಣಿನ ಕಪ್ಪು,
ಒಳಗೆಲ್ಲೋ ನೀಲಿ ಉಸಿರಾಡುತ್ತದೆ.
ನಮ್ಮದು ಪಾಟಿಯ ಕಪ್ಪು,
ಒಳಗೆ ಹೋದ ಬೆಳಕು ಹೊರಗೆ ಬರುವುದಿಲ್ಲ.
ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ, ಮತ್ತೆ ತಿಕ್ಕಿದೆ.
ನೆಂಟರಾದವು ಎರಡೂ,
ಒಡಹುಟ್ಟಾಗಲಿಲ್ಲ.

ಡಾಕ್ಟರು ಒಂದು ಮೊಳ ದೂರ ಹಿಡಿದು ನೋಡಿ
"ಗೊತ್ತೇ ಆಗಲ್ಲ ನೋಡ್ರಿ" ಅಂದರು, ಖುಷಿಯಾಗಿ.
ಅದೇ ಟವೆಲು, ಅದೇ ಸುತ್ತು.
ಅರಗಿನ ಒಂದು ಹನಿಯ ಮೇಲೆ ನಿಂತಿದೆ ಆ ಕತ್ತಿ.
ಹೇಳಲಿಲ್ಲ ನಾವು.

ಅಳತೆಗೆಂದು ತೆಗೆದ ಮುಷ್ಟಿಯ ಮೇಣದಚ್ಚು
ಗೂಡಿನಲ್ಲೇ ಉಳಿದಿದೆ.
ಚಾಚಾ ಅದರಲ್ಲಿ ಅರ್ಧ ಸೇದಿದ ಬೀಡಿ ಸಿಕ್ಕಿಸಿಡುತ್ತಾರೆ,
ಅದು ಬೀಳುತ್ತದೆ, ಬೈದು ಮತ್ತೆ ಸಿಕ್ಕಿಸುತ್ತಾರೆ.
ಈಚೆಗೆ ಅವರ ಹೆಬ್ಬೆರಳೂ ಪೂರ್ತಿ ಮಡಚುತ್ತಿಲ್ಲ.
ಉಳಿ ಜಾರಿದಾಗಲೆಲ್ಲ ನಾನು
ತಂತಿ ಹುಡುಕುತ್ತಿರುತ್ತೇನೆ, ನೆಲದ ಮೇಲೆ,
ಕೈಯಲ್ಲೇ ಇರುವ ತಂತಿ.