ಒಳರೋಗಿ

ಮಂಗಳವಾರ ಹತ್ತರಿಂದ ಹನ್ನೆರಡು
ಹ್ಯಾನ್‌ಕಾಕ್ ಊರಿನ ಲೈಬ್ರರಿಯ ನೆಲಮಾಳಿಗೆಯಲ್ಲಿ
ಮೆಡಿಕೇರ್ ವಿಚಾರಿಸಲು ಬಂದವರಿಗೆ
ನಾನೇ ಸಂಬಳವಿಲ್ಲದ ಗುಮಾಸ್ತೆ.
ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದ ಕೈ ಇದು.
ಎ ಅಂದರೆ ಆಸ್ಪತ್ರೆ, ಬಿ ಅಂದರೆ ಡಾಕ್ಟರು,
ಡಿ ಅಂದರೆ ಮಾತ್ರೆ. ಸಿ ಯನ್ನು
ಟೀವಿಯಲ್ಲಿ ಮಾರುತ್ತಾರೆ, ಅದರ ಮಾತು ಇವತ್ತು ಬೇಡ.

ಬೂಟಿನ ಹಿಮ ಮೆಟ್ಟಿಲಲ್ಲೇ ಒದರಿ
ಬ್ರೆಡ್ಡಿನ ಖಾಲಿ ಚೀಲದ ತುಂಬ ಬಿಲ್ಲು ಹಿಡಿದು
ಆರ್ವೋ ಕಾಂಗಾಸ್ ಬಂದ.
ಎಂಬತ್ತಮೂರು. ನಲವತ್ತು ಚಳಿಗಾಲ
ಕೌಂಟಿಯ ಹಿಮ ಬಾಚುವ ಲಾರಿ ಓಡಿಸಿ
ಎರಡೂ ಕಿವಿ ಆ ಎಂಜಿನ್ನಿಗೇ ಕೊಟ್ಟವನು.
ಫಿನ್ನಿಶ್ ನುಡಿಯಲ್ಲಿ ಆರ್ವೋ ಅಂದರೆ ಬೆಲೆಯಂತೆ,
ಬಿಲ್ಲುಗಳನ್ನು ಮೇಜಿಗೆ ಸುರಿಯುತ್ತ ಅವನೇ ಹೇಳಿದ.

ಕಿವಿಗೆ ಕೊಡುತ್ತಾರಾ?
ಡಾಕ್ಟರು ಬರೆದರೆ ಪರೀಕ್ಷೆಗೆ ಉಂಟು. ಯಂತ್ರಕ್ಕೆ ಇಲ್ಲ.
ಹಲ್ಲಿಗೆ?
ಇಲ್ಲ. ದವಡೆ ಮುರಿದರೆ ಬೇರೆ ಮಾತು.
ಕನ್ನಡಕಕ್ಕೆ?
ಪೊರೆ ತೆಗೆಸಿದ ಮೇಲೆ ಒಂದು ಜೊತೆ.
ಗಾಲಿಕುರ್ಚಿಗೆ?
ಮನೆಯೊಳಗೆ ಓಡಾಡಲು ಬೇಕಾದರೆ ಉಂಟು,
ಬರೀ ಇಗರ್ಜಿಗೆ ಹೋಗಲು ಅಂದರೆ ಇಲ್ಲ.
ರಕ್ತಕ್ಕೆ ಎಂದು ಅವನು ಕೇಳಲಿಲ್ಲ, ನಾನೇ ಹೇಳಿದೆ,
ಆ ನಿಯಮದ ಮೇಲೆ ನನಗೊಂದು ವಿಚಿತ್ರ ಮೋಹ:
ಆಸ್ಪತ್ರೆ ದುಡ್ಡು ಕೊಟ್ಟು ತಂದ ರಕ್ತವಾದರೆ
ಮೊದಲ ಮೂರು ಪೈಂಟು ನಿನ್ನ ಲೆಕ್ಕ,
ಇಲ್ಲವೇ ನಿನ್ನ ಪರವಾಗಿ ಯಾರಾದರೂ
ತೋಳು ಚಾಚಿ ತಿರುಗಿ ಕೊಡಬೇಕು.
ನಾಲ್ಕನೆಯದರಿಂದ ಸರ್ಕಾರ ಬರುತ್ತದೆ.

ಇವೆಲ್ಲ ಪೀಠಿಕೆ. ಬಂದದ್ದು ಹೆಂಡತಿಯ ವಿಷಯಕ್ಕೆ.
ಲೆಂಪಿ ಬಿದ್ದದ್ದು ಸೌನಾದ ಹೊಸ್ತಿಲಲ್ಲಿ,
ಬೆನ್ನೆಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು.
ನಾಲ್ಕು ರಾತ್ರಿ ಆಸ್ಪತ್ರೆಯ ಮಂಚ, ಆಸ್ಪತ್ರೆಯ ಅಂಗಿ,
ಮಣಿಕಟ್ಟಿಗೆ ಹೆಸರಿನ ಪಟ್ಟಿ, ತೋಳಿಗೆ ಸೂಜಿ,
ಆಮೇಲೆ ಮತ್ತೆ ನಡೆಯಲು ಕಲಿಸುವ ಶುಶ್ರೂಷಾಲಯದಲ್ಲಿ
ಇಪ್ಪತ್ತಾರು ದಿನ.
ಆಸ್ಪತ್ರೆಯಲ್ಲಿ ಮೂರು ದಿನ ಒಳರೋಗಿಯಾಗಿದ್ದವರಿಗೆ
ಆ ಖರ್ಚು ಸಲ್ಲುತ್ತದೆ.
ಲೆಂಪಿಯ ಹೆಸರಿನ ಮುಂದೆ ಬರೆದದ್ದು: ನಿಗಾದಲ್ಲಿ.
ಮಂಚದ ಮೇಲೆ ಇದ್ದಳು. ಕಾಗದದ ಮೇಲೆ
ಹೊರಗೇ ನಿಂತಿದ್ದಳು.

‘ಆರ್ವೋ, ಆಕೆ ಒಳರೋಗಿ ಆಗಿರಲಿಲ್ಲ.’

ಅವನ ಕತ್ತು ಕೆಂಪಾಯಿತು.
‘ಒಳ್ಳೇ ರೋಗಿ ಆಗಿರಲಿಲ್ಲವಾ? ಯಾರಂದರು?
ಒಂದು ಸಲ ಗಂಟೆ ಒತ್ತಲಿಲ್ಲ ಅವಳು.
ಆ ಸಪ್ಪೆ ಸೂಪಿಗೆ ಥ್ಯಾಂಕ್ಸ್ ಹೇಳಿದಳು.
ರಾತ್ರಿ ಪಾಳಿಯ ಹುಡುಗಿಯ ಸ್ವೆಟರಿಗೆ
ಮಲಗಿದ್ದಲ್ಲೇ ಗುಂಡಿ ಹೊಲಿದು ಕೊಟ್ಟಳು,
ಬೆನ್ನು ಬಿರಿದುಕೊಂಡು! ಬರಿ, ಅದನ್ನೂ ಬರಿ.’

ಮೇಲೆ ಮಕ್ಕಳಿಗೆ ಕಥೆ ಓದುತ್ತಿದ್ದರು.
ಕೂಗಿ ತಿದ್ದಬಹುದಿತ್ತು. ಕೂಗಲಿಲ್ಲ.
ಲಕೋಟೆಯ ಬೆನ್ನಿಗೆ ದೊಡ್ಡಕ್ಷರದಲ್ಲಿ ಬರೆದೆ,
ಒಂದು ಕಡೆ ಒಳರೋಗಿ, ಇನ್ನೊಂದು ಕಡೆ ನಿಗಾ.
ಬಹಳ ಹೊತ್ತು ಓದಿದ.

‘ನಿಗಾ ಅಂದರೆ, ನೋಡುತ್ತ ಕೂರೋದು.’
ತಲೆಯಾಡಿಸಿದೆ.
‘ಐವತ್ತೆಂಟು ವರ್ಷದಿಂದ ನಾನು ಮಾಡುತ್ತಿರೋದು ಅದೇ.
ನಾನೂ ಒಂದು ಬಿಲ್ಲು ಕಳಿಸಲಾ?’

ಚೀಲದ ತಳದಲ್ಲಿ, ಬ್ರೆಡ್ಡಿನ ಪುಡಿಯ ಜೊತೆ,
ಮಡಿಸಿದ ಒಂದು ಹಾಳೆ: ಮೊದಲ ರಾತ್ರಿ
ಒಳರೋಗಿ ಎಂದೇ ಅಚ್ಚಾಗಿದೆ.
ಮಾರನೆಯ ಹಾಳೆಯಲ್ಲಿ ಆ ಪದ ಇಲ್ಲ.
ನಡುವೆ ಯಾರೋ ಅವಳನ್ನು, ಅಲುಗಿಸದೆಯೇ,
ಹೊರಗೆ ಹಾಕಿದ್ದಾರೆ.
ಮೇಲ್ಮನವಿಗೆ ಅಷ್ಟು ಸಾಕು.
ಗೆಲ್ಲುತ್ತೇವೆ ಅನ್ನಲಿಲ್ಲ. ಅಂಚೆಯವರು
ಕಾಗದ ತಲುಪುತ್ತದೆ ಅನ್ನಬಹುದು,
ಓದುತ್ತಾರೆ ಅನ್ನುವ ಹಾಗಿಲ್ಲ.

ಫಾರಮಿನ ಕೊನೆಗೆ, ಬೇರೇನಾದರೂ ಹೇಳುವುದಿದ್ದರೆ,
ಐದು ಗೆರೆ ಖಾಲಿ ಬಿಟ್ಟಿದ್ದರು.
ಗುಂಡಿ ಯಾವ ಬಣ್ಣ, ಎಂದೆ,
ಮಾಮೂಲಿ ದನಿಯಲ್ಲೇ.
ನೀಲಿ, ಅಂದ.