ನಾಲ್ಕನೇ ಗೂಡು

ನ್ಯೂಲಿನ್ ಬಂದರು, ಮೀನು ಹರಾಜಿನ ಮಾಳಿಗೆ.
ಈ ವಾರ ಐದನೇ ಸಲ ಸರ್ವರ್ ಸತ್ತು
ತಾನೇ ಎದ್ದು ಕೂತಿದೆ, ಏನೂ ಆಗದವರ ಹಾಗೆ.
ಲಾಗಿನಲ್ಲಿ ಕೊನೆಯ ಸಾಲು ಅರ್ಧ:
ಹ್ಯಾಡಕ್, ಮೂವತ್ತೆರಡು ಕಿಲೋ, ಬೆಲೆ
ಅಷ್ಟೇ.

ಕೆಳಗಿನಿಂದ ಡೆನ್ಜಿಲ್ ಕೂಗುತ್ತಾನೆ:
"ಇದೆಯೋ, ಹೋಯಿತೋ?"
ಮೀನಿಗೆ ಕಾಯುವ ಅಭ್ಯಾಸವಿಲ್ಲ.

ಮೊದಲ ಅನುಮಾನ ಪವರ್ ಸಪ್ಲೈ ಮೇಲೆ. ಬದಲಿಸಿದೆ.
ಆಮೇಲೆ ಫ್ಯಾನು; ಧೂಳಿನ ಜೊತೆ
ಕಡಲಹಕ್ಕಿಯ ಒಂದು ಪುಕ್ಕ ಬಂತು.
ಮತ್ತೆ ಸತ್ತಿತು.

ರಾತ್ರಿಯಿಡೀ ಮೆಮರಿ ಪರೀಕ್ಷೆ.
ಚಹಾ ಆರಿ ಕೆನೆಗಟ್ಟುವ ಹೊತ್ತಿಗೆ
ನಾಲ್ಕನೇ ಕಡ್ಡಿಯಲ್ಲಿ ಕೆಂಪು ಸಾಲು.
ಸಿಕ್ಕಿದ ಕಳ್ಳ, ಅಂದುಕೊಂಡೆ.
ಕಿತ್ತು ಎರಡನೇ ಗೂಡಿಗೆ ಹಾಕಿದರೆ
ಅಲ್ಲಿ ಅದು ಸಾಚಾ!
ಈವರೆಗೆ ಸಾಚಾ ಇದ್ದ ಎರಡನೆಯದು
ನಾಲ್ಕಕ್ಕೆ ಹೋದದ್ದೇ ತೊದಲತೊಡಗಿತು.

ತಪ್ಪು ಕಡ್ಡಿಯದಲ್ಲ. ಗೂಡಿನದು.

ಟಾರ್ಚು ಹಿಡಿದು ಬಗ್ಗಿದೆ.
ಚಿನ್ನದ ಹಲ್ಲುಸಾಲಿನಲ್ಲಿ ಮೂರಕ್ಕೆ ಹಸಿರು ಕಿಲುಬು.
ಮೇಲಿನ ಕಿಟಕಿಯ ಗಾಜು ಒಡೆದು
ಎರಡು ಚಳಿಗಾಲ ಕಳೆಯಿತಂತೆ;
ಮೀನಿನ ಪೆಟ್ಟಿಗೆಯ ರಟ್ಟು ಅಂಟಿಸಿದ್ದಾರೆ.
ರಟ್ಟಿನ ಅಂಚು ಸವರಿ ಬೆರಳು ನಾಲಿಗೆಗಿಟ್ಟೆ.
ಉಪ್ಪು.

ಉಪ್ಪು ತಿಂದವರು ನೀರು ಕುಡಿಯಲೇಬೇಕು,
ಅನ್ನುತ್ತಿದ್ದಳು ಸೋದರತ್ತೆ.
ಇದಕ್ಕೆ, ಪಾಪ, ತಿನ್ನಿಸಿದವರು ನಾವು.

ಹೊಸ ಬೋರ್ಡು ಬರುವುದು ಗುರುವಾರ.
ಅಲ್ಲಿವರೆಗೆ ನಾಲ್ಕನೇ ಗೂಡು ಖಾಲಿ ಇರಲಿ,
ಮೂರರಲ್ಲೇ ದೂಡು, ಎಂದೆ.
ಡೆನ್ಜಿಲ್ ಕಿಟಕಿ ನೋಡಿದ, ನನ್ನನ್ನು ನೋಡಿದ,
ಏನೂ ಅನ್ನದೆ ಅಳತೆಯ ಟೇಪು ಹುಡುಕಲು ಹೋದ.
ಕೆಳಗೆ ಹ್ಯಾಡಕ್ಕಿಗೆ ಬೆಲೆ ಕೂಗುತ್ತಿದ್ದರು.